ಮೆಕಾರ್ಥರ್ ಮನೆತನದ ಕಾಗದಪತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ದೋಸೆ ತಿಂದು ಹಾಗೇ ಸ್ವಲ್ಪ ದೂರ ನಡೆದರೆ ಒಂದು ಹಳೇ ಮನೆ ಸಿಗುತ್ತದೆ. ಹೆಸರು ಎಲಿಜಬೆತ್ ಫಾರ್ಮ್. ಆ ಮನೆಯವರು ಬರೆದ ಕಾಗದಗಳು, ಅವರಿಗೆ ಬಂದ ಕಾಗದಗಳು, ಲೆಕ್ಕದ ಪುಸ್ತಕಗಳು, ಇವನ್ನೆಲ್ಲ ಕೆಲವು ವರ್ಷದಿಂದ ಬಿಡುವಾದಾಗಲೆಲ್ಲ ಓದುತ್ತಿದ್ದೇನೆ. ಮನೆಗೆ ಬಂದವರು, ಫೋನ್ ಮಾಡಿದವರು, ಗಣೇಶನ ಹಬ್ಬದ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಎರಡನೇ ಮಹಾಯುದ್ಧದ ಅಮೆರಿಕನ್ ಜನರಲ್ ಮೆಕಾರ್ಥರ್ ಇವರೇನಾ?

ಅಲ್ಲ. ಇವರು ಅದಕ್ಕೂ ನೂರೈವತ್ತು ವರ್ಷ ಮೊದಲಿನವರು.

ಹಾಗಾದರೆ ಯಾರು?

ಜಾನ್ ಮೆಕಾರ್ಥರ್. ಇಂಗ್ಲೆಂಡಿನ ಪ್ಲಿಮತ್ ಕಡೆಯ ಬಟ್ಟೆ ವ್ಯಾಪಾರಿಯ ಮಗ. ನ್ಯೂ ಸೌತ್ ವೇಲ್ಸ್ ಕೋರ್ ಅನ್ನುವ ಪಡೆಗೆ ಲೆಫ್ಟಿನೆಂಟ್ ಆಗಿ ಸೇರಿ, ಹೆಂಡತಿ ಎಲಿಜಬೆತ್ ಮತ್ತು ಕೈಗೂಸು ಎಡ್ವರ್ಡ್ ಜೊತೆ 1790ರ ಜೂನ್ 28ರಂದು ಸಿಡ್ನಿಗೆ ಬಂದಿಳಿದ. ಆಗ ಸಿಡ್ನಿ ಅಂದರೆ ಕೈದಿಗಳ ವಸಾಹತು, ಎರಡೂವರೆ ವರ್ಷದ ಊರು. ಸಂಬಳಕ್ಕೆ ಬಂದ ಅಧಿಕಾರಿ ಅಲ್ಲೇ ನೆಲ ಹಿಡಿದ, ಕುರಿ ಸಾಕಿದ, ವ್ಯಾಪಾರ ಮಾಡಿದ, ಜಗಳ ಆಡಿದ, ಗವರ್ನರ್ ಒಬ್ಬನನ್ನು ಇಳಿಸಿದ. ಮಕ್ಕಳು, ಮೊಮ್ಮಕ್ಕಳು ಅಲ್ಲೇ ಬೇರು ಬಿಟ್ಟರು. ಕ್ಯಾಂಪ್‌ಬೆಲ್‌ಟೌನ್ ಕಡೆ ಹೋಗುವ ರೈಲಿನಲ್ಲಿ ಮೆಕಾರ್ಥರ್ ಅಂತ ಒಂದು ಸ್ಟೇಷನ್ ಬರುತ್ತದಲ್ಲ, ಆ ಹೆಸರು ಇವರದ್ದೇ. ಆಸ್ಟ್ರೇಲಿಯಾದ ಹಳೇ 2 ಡಾಲರ್ ನೋಟಿನ ಮೇಲೂ ಮೆರಿನೋ ಕುರಿಯ ಜೊತೆ ಇದ್ದದ್ದು ಇವನ ಮುಖವೇ.

ಕಾಗದಗಳು ಈಗ ಎಲ್ಲಿವೆ? ನಮ್ಮಂಥವರು ನೋಡಬಹುದಾ?

ಖಂಡಿತ ನೋಡಬಹುದು. ಮುಖ್ಯವಾದ ಸಂಗ್ರಹ ಸಿಡ್ನಿಯ ಮೆಕ್ವಾರಿ ಸ್ಟ್ರೀಟ್‌ನಲ್ಲಿರುವ ಸ್ಟೇಟ್ ಲೈಬ್ರರಿಯ ಮಿಚೆಲ್ ಲೈಬ್ರರಿಯಲ್ಲಿದೆ. ರೀಡರ್ ಕಾರ್ಡ್‌ಗೆ ದುಡ್ಡಿಲ್ಲ. ಬ್ಯಾಗ್ ಹೊರಗಿಟ್ಟು ಹೋಗಬೇಕು, ಪೆನ್ನು ಒಳಗೆ ಒಯ್ಯುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಬಹಳಷ್ಟು ಸಂಪುಟಗಳು ಮೈಕ್ರೋಫಿಲ್ಮ್ ಆಗಿವೆ, ಹಾಗಾಗಿ ಮೂಲ ಕಾಗದವೇ ಕೈಗೆ ಬರುತ್ತದೆ ಅಂತ ಆಸೆ ಇಟ್ಟುಕೊಂಡು ಹೋಗಬೇಡಿ. ನನಗೂ ಮೊದಲ ದಿನ ಬೇಜಾರಾಗಿತ್ತು. ಆದರೆ ಫಿಲ್ಮ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಕಾಗದ ಹರಿಯುವ ಭಯವಿಲ್ಲ, ಒಂದೇ ಸಾಲನ್ನು ಅರ್ಧ ಗಂಟೆ ನೋಡುತ್ತಾ ಕೂತರೂ ಯಾರೂ ಏನೂ ಅನ್ನುವುದಿಲ್ಲ.

ಏನೇನಿದೆ ಅದರಲ್ಲಿ?

ಖಾಸಗಿ ಪತ್ರಗಳು, ಜಮೀನಿನ ಪತ್ರಗಳು, ಕುರಿ ಮತ್ತು ಉಣ್ಣೆಯ ಲೆಕ್ಕ, ಸರ್ಕಾರಕ್ಕೆ ಬರೆದ ಅರ್ಜಿ, ಕೋರ್ಟಿನ ಕಾಗದ, ಡೈರಿ. ಮೂರು ನಾಲ್ಕು ತಲೆಮಾರು ಏನನ್ನೂ ಬಿಸಾಡದೆ ಇಟ್ಟರೆ ಎಷ್ಟಾಗುತ್ತದೋ ಅಷ್ಟಿದೆ.

ಶುರು ಮಾಡೋದಾದರೆ ಯಾವುದನ್ನು ಮೊದಲು ಓದಲಿ?

ಎಲಿಜಬೆತ್ ಬರೆದದ್ದನ್ನು. ಎರಡನೇ ಮಾತೇ ಇಲ್ಲ.

ಅವಳು ಹಡಗಿನ ಪ್ರಯಾಣದ ದಿನಚರಿ ಬರೆದಿದ್ದಾಳೆ. ಇವರು ಬಂದದ್ದು ಸೆಕೆಂಡ್ ಫ್ಲೀಟ್ ಅನ್ನುವ ಹಡಗುಗಳ ತಂಡದಲ್ಲಿ. ಕೈದಿಗಳನ್ನು ತುಂಬಿಕೊಂಡು ಬಂದ ಆ ಹಡಗುಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಕೈದಿಗಳು ದಾರಿಯಲ್ಲೇ ಸತ್ತರು. ಮೊದಲು ಹತ್ತಿದ ನೆಪ್ಚೂನ್ ಹಡಗಿನಲ್ಲಿ ಇವರ ಕೋಣೆಗೂ ಕೈದಿ ಹೆಂಗಸರ ಜಾಗಕ್ಕೂ ಮಧ್ಯೆ ಇದ್ದದ್ದು ಬರೀ ಒಂದು ಹಲಗೆ ಗೋಡೆ. ನಾತ, ಕೂಗಾಟ, ಜ್ವರ. ಗಂಡ ಹಡಗಿನ ಕ್ಯಾಪ್ಟನ್ ಜೊತೆ ಜಗಳ ಮಾಡಿಕೊಂಡ. ಕೊನೆಗೆ ನಡುಸಮುದ್ರದಲ್ಲೇ ಸ್ಕಾರ್ಬರೋ ಅನ್ನುವ ಇನ್ನೊಂದು ಹಡಗಿಗೆ ದಾಟಿಕೊಂಡರು. ಮುಂದೆ ಗಂಡ ಕಾಯಿಲೆ ಬಿದ್ದು ಸಾಯುವ ಹಾಗಾದ, ಎಡ್ವರ್ಡ್‌ಗೂ ಮೈ ಹುಷಾರಿರಲಿಲ್ಲ, ಇವಳಿಗೆ ದಿನ ತುಂಬುವ ಮೊದಲೇ ಹೆಣ್ಣು ಮಗು ಹುಟ್ಟಿ ತೀರಿಕೊಂಡಿತು. ಆಗ ಅವಳಿಗೆ 23 ವರ್ಷ. ಮಗ್ಗುಲಲ್ಲಿ ತಾಯಿ ಇಲ್ಲ, ಅಕ್ಕ ತಂಗಿ ಇಲ್ಲ.

ಅದಾದ ಮೇಲೆ ಊರಿನ ಗೆಳತಿ ಬ್ರಿಜೆಟ್ ಕಿಂಗ್ಡನ್‌ಗೆ ಬರೆದ ಕಾಗದ ಓದಿ. ಬ್ರಿಜೆಟ್ ಡೆವನ್‌ನ ಬ್ರಿಜ್‌ರೂಲ್ ಹಳ್ಳಿಯ ಪಾದ್ರಿಯ ಮಗಳು, ಬಾಲ್ಯದ ಗೆಳತಿ. 1791ರ ಕಾಗದದಲ್ಲಿ ಎಲಿಜಬೆತ್ ಹೊಸ ಊರಿನ ಸುದ್ದಿ ಎಲ್ಲ ಹೇಳುತ್ತಾಳೆ. ಹೊತ್ತು ಹೋಗದೆ ವಿಲಿಯಂ ಡಾಸ್ ಅನ್ನುವ ಅಧಿಕಾರಿಯ ಹತ್ತಿರ ನಕ್ಷತ್ರದ ಪಾಠಕ್ಕೆ ಹೋದಳು. ಕಷ್ಟ ಅನ್ನಿಸಿ ಅದನ್ನು ಬಿಟ್ಟು ಗಿಡ ಮರದ ಪಾಠ ಹಿಡಿದಳು. ಬೇರೊಂದು ಹಡಗಿನ ವೈದ್ಯ ವೋರ್ಗನ್ ಪಿಯಾನೋ ಹೇಳಿಕೊಟ್ಟು, ಹೊರಡುವಾಗ ಆ ಪಿಯಾನೋ ಇವಳಿಗೇ ಕೊಟ್ಟುಹೋದ. ಎಲ್ಲದರ ನಡುವೆ ಒಂದು ಬಾಣಂತಿಯ ಕಥೆ ಬರುತ್ತದೆ. ಆ ನೆಲದ ಮೂಲನಿವಾಸಿ ಹೆಂಗಸು ದಾರಿಂಗಾ, ಕೋಲ್‌ಬಿ ಅನ್ನುವವನ ಹೆಂಡತಿ, ಆಗಷ್ಟೇ ಹುಟ್ಟಿದ ಹೆಣ್ಣು ಕೂಸನ್ನು ಎಲಿಜಬೆತ್‌ಗೆ ತೋರಿಸಲು ತಂದಳು. ಕೂಸನ್ನು ಮರದ ಮೆತ್ತನೆ ತೊಗಟೆಯಲ್ಲಿ ಸುತ್ತಿತ್ತು. ಎಲಿಜಬೆತ್ ಬಾಣಂತಿಗೆ ಊಟ ಹಾಕಿಸಿದಳು, ಸ್ವಲ್ಪ ದಿನ ನೋಡಿಕೊಳ್ಳುವ ಏರ್ಪಾಡು ಮಾಡಿದಳು, ಆ ತೊಗಟೆಯ ಒಂದು ತುಂಡನ್ನು ಎತ್ತಿಟ್ಟುಕೊಂಡಳು. ತನ್ನ ಕೂಸನ್ನು ಕಳೆದುಕೊಂಡು ಇನ್ನೂ ವರ್ಷವೂ ಆಗಿರಲಿಲ್ಲ ಅವಳಿಗೆ. ಕಾಗದದಲ್ಲಿ ಅವೆರಡನ್ನೂ ಅವಳು ಸೇರಿಸಿ ಹೇಳುವುದಿಲ್ಲ. ಓದುವ ನನಗೆ ಮಾತ್ರ ಅವೆರಡನ್ನು ಬೇರೆ ಮಾಡಿ ನೋಡುವುದಕ್ಕೆ ಆಗುವುದಿಲ್ಲ.

ಭಾರತದ ಸಂಬಂಧ ಏನಾದರೂ ಇದೆಯಾ?

ಇದೆ, ಕುರಿಯಿಂದಲೇ ಶುರು. ಮೆರಿನೋ ಕುರಿ ಅಂದರೆ ಆಸ್ಟ್ರೇಲಿಯಾ ಅಂತ ಈಗ ಎಲ್ಲರಿಗೂ ಗೊತ್ತು. ಆದರೆ ಜಾನ್ 1794ರಲ್ಲಿ ಮೊದಲು ಕೊಂಡದ್ದು ಕಲ್ಕತ್ತದಿಂದ ತರಿಸಿದ್ದ 60 ಬಂಗಾಳದ ಕುರಿ ಮರಿಗಳನ್ನು. ಅವುಗಳ ಮೈ ಮೇಲೆ ಇದ್ದದ್ದು ಒರಟು ಕೂದಲು, ಉಣ್ಣೆ ಅಲ್ಲ. ಐರ್ಲೆಂಡಿನಿಂದ ಬಂದ ಹಡಗಿನವನ ಹತ್ತಿರ ಒಂದು ಟಗರು, ಎರಡು ಕುರಿ ಸಿಕ್ಕವು. ತಳಿ ಬೆರೆಸಿದ. ಹುಟ್ಟಿದ ಮರಿಗಳ ಮೈಯಲ್ಲಿ ಕೂದಲೂ ಇತ್ತು, ಉಣ್ಣೆಯೂ ಇತ್ತು. ಉಣ್ಣೆಯ ಯೋಚನೆ ತಲೆಗೆ ಹೊಕ್ಕಿದ್ದೇ ಆಗ ಅಂತ ಅವನೇ ಮುಂದೆ ಹೇಳಿಕೊಂಡಿದ್ದಾನೆ. ನಮ್ಮ ಕಡೆ ಕಂಬಳಿ ನೇಯುವ ಮನೆಗಳಲ್ಲಿ ಕುರಿಯ ಕೂದಲನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರಲ್ಲ, ಆ ಭಾಗ ಓದುವಾಗ ನನಗೆ ಅದೇ ಕಣ್ಣಮುಂದೆ ಬಂತು. ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಮೆರಿನೋ ಬಂದದ್ದು 1797ರಲ್ಲಿ.

ಇನ್ನೊಂದು ಸಂಬಂಧ ಮದುವೆಯದ್ದು. ಜಾನ್‌ನ ಮಗ ಜೇಮ್ಸ್‌ಗೆ ಒಬ್ಬಳೇ ಮಗಳು, ಅವಳ ಹೆಸರೂ ಎಲಿಜಬೆತ್. ಅವಳನ್ನು ಮದುವೆಯಾದ ನೌಕಾಪಡೆಯ ಕ್ಯಾಪ್ಟನ್ ಆರ್ಥರ್ ಆನ್ಸ್‌ಲೋ ಹುಟ್ಟಿದ್ದು ನಮ್ಮ ತಿರುಚಿರಾಪಳ್ಳಿಯಲ್ಲಿ. ಅವನ ಅಪ್ಪ ಈಸ್ಟ್ ಇಂಡಿಯಾ ಕಂಪನಿಯ ನೌಕರ.

ಜಾನ್ ಒಳ್ಳೆಯವನಾ, ಕೆಟ್ಟವನಾ?

ಜನ ಇದನ್ನು ಒಂದೇ ಮಾತಲ್ಲಿ ಕೇಳುತ್ತಾರೆ. ಕಾಗದ ಓದಿದವನಿಗೆ ಒಂದೇ ಮಾತಲ್ಲಿ ಹೇಳೋಕೆ ಆಗಲ್ಲ.

ಮುಂಗೋಪಿ, ಅದರಲ್ಲಿ ಅನುಮಾನವೇ ಇಲ್ಲ. 1801ರಲ್ಲಿ ತನ್ನ ಮೇಲಧಿಕಾರಿ ಪ್ಯಾಟರ್ಸನ್ ಜೊತೆಯೇ ದ್ವಂದ್ವಯುದ್ಧಕ್ಕೆ ನಿಂತು ಅವನ ಭುಜಕ್ಕೆ ಗುಂಡು ಹೊಡೆದ. ಗವರ್ನರ್ ಕಿಂಗ್ ಇವನನ್ನು ವಿಚಾರಣೆಗೆ ಅಂತ ಇಂಗ್ಲೆಂಡಿಗೆ ಕಳಿಸಿದ. ಶಿಕ್ಷೆಗೆ ಹೋದವನು ಅಲ್ಲಿ ಉಣ್ಣೆಯ ನಮೂನೆ ತೋರಿಸಿ, 1804ರಲ್ಲಿ ರಾಜನ ಹಿಂಡಿನ ಮೆರಿನೋ ಹರಾಜಿನಲ್ಲಿ ಕುರಿ ಕೊಂಡು, 5000 ಎಕರೆ ಭೂಮಿಯ ಆಜ್ಞೆ ಕೈಯಲ್ಲಿ ಹಿಡಿದು 1805ರಲ್ಲಿ ವಾಪಸ್ ಬಂದ. ಆಜ್ಞೆ ಕೊಟ್ಟ ಮಂತ್ರಿ ಲಾರ್ಡ್ ಕ್ಯಾಮ್ಡನ್, ಅದಕ್ಕೇ ಆ ಜಮೀನಿಗೆ ಕ್ಯಾಮ್ಡನ್ ಅಂತ ಹೆಸರು. ಆಮೇಲೆ ಗವರ್ನರ್ ಬ್ಲೈ ಜೊತೆ ಜಗಳ. 1808ರ ಜನವರಿ 26ರಂದು ಪಡೆಯವರು ಗವರ್ನರನ ಮನೆಗೇ ನುಗ್ಗಿ ಅವನನ್ನು ಬಂಧಿಸಿದರು. ರಮ್ ದಂಗೆ ಅಂತ ಕರೆಯುವುದು ಇದನ್ನೇ. ಮುಂದೆ ನಿಂತ ಮೇಜರ್ ಜಾನ್ಸ್‌ಟನ್ ಕೆಲಸ ಕಳೆದುಕೊಂಡ, ಹಿಂದೆ ನಿಂತು ಆಡಿಸಿದ ಜಾನ್ 1809ರಲ್ಲಿ ಇಂಗ್ಲೆಂಡಿಗೆ ಹೋದವನು ವಾಪಸ್ ಬಂದರೆ ಹಿಡಿಯುತ್ತಾರೆ ಅನ್ನುವ ಭಯದಲ್ಲಿ 1817ರವರೆಗೆ ಅಲ್ಲೇ ಉಳಿಯಬೇಕಾಯಿತು.

ಊರಲ್ಲಿ ಇವನಿಗೆ ಜಾಕ್ ಬಾಡಿಸ್ ಅಂತ ಅಡ್ಡಹೆಸರು. ಅಪ್ಪ ಬಟ್ಟೆ ಅಂಗಡಿಯಲ್ಲಿ ಹೆಂಗಸರ ಬಿಗಿ ಒಳರವಿಕೆ ಮಾಡುತ್ತಿದ್ದ ಅನ್ನುವ ಚುಚ್ಚುಮಾತು ಅದು. ಇವನು ಮಾನ ಮರ್ಯಾದೆಗೆ ಅಷ್ಟು ಹೊಡೆದಾಡಿದ್ದಕ್ಕೆ ಆ ಚುಚ್ಚುಮಾತೂ ಒಂದು ಕಾರಣ ಇರಬೇಕು ಅಂತ ನನ್ನ ಲೆಕ್ಕ. ಕೊನೆಯ ವರ್ಷಗಳಲ್ಲಿ ಮನಸ್ಸು ಕೆಟ್ಟಿತು. ಹೆಂಡತಿಯ ಶೀಲದ ಮೇಲೇ ಅನುಮಾನಪಟ್ಟ, ಹೆಣ್ಣುಮಕ್ಕಳನ್ನು ಮನೆಯಿಂದ ಆಚೆ ಹಾಕಿದ. 1834ರಲ್ಲಿ ಕ್ಯಾಮ್ಡನ್‌ನಲ್ಲಿ ತೀರಿಕೊಂಡ.

ಎಲಿಜಬೆತ್ ಅಷ್ಟು ಬರೆಯುವವಳಾದರೆ ಅವಳ ಕಾಗದಗಳು ಯಾಕೆ ಕಮ್ಮಿ?

ಈ ಸಂಗ್ರಹದ ಬಗ್ಗೆ ನನಗೆ ಅತಿ ಮುಖ್ಯ ಅನ್ನಿಸುವ ಪ್ರಶ್ನೆ ಇದು.

ಲೆಕ್ಕ ಹಾಕಿ ನೋಡಿ. ಜಾನ್ 1801ರಿಂದ 1805ರವರೆಗೆ ಊರಲ್ಲಿಲ್ಲ, 1809ರಿಂದ 1817ರವರೆಗೆ ಮತ್ತೆ ಇಲ್ಲ. ಒಟ್ಟು ಹನ್ನೆರಡು ವರ್ಷ. ಅಷ್ಟೂ ದಿನ ಪ್ಯಾರಮಟ್ಟಾ (ಎಲಿಜಬೆತ್ ಫಾರ್ಮ್ ಇರುವ ಕಡೆ) ಮತ್ತು ಕ್ಯಾಮ್ಡನ್ನಿನ ಹಿಂಡು, ಕುರಿ ಕಾಯುವ ಕೈದಿ ಆಳುಗಳು, ಉಣ್ಣೆ ತೊಳೆಸಿ ಹಡಗಿಗೆ ಹಾಕಿಸುವುದು, ಸಾಲ, ಹೆಣ್ಣುಮಕ್ಕಳು, ಎಲ್ಲ ನೋಡಿಕೊಂಡವಳು ಎಲಿಜಬೆತ್. ಹಡಗಿನಲ್ಲಿ ಕಾಗದ ಹೋಗೋಕೆ ಐದಾರು ತಿಂಗಳು, ಉತ್ತರ ಬರೋಕೆ ಮತ್ತೆ ಅಷ್ಟೇ. ಟಗರು ಸತ್ತರೆ ಏನು ಮಾಡಲಿ ಅಂತ ಕೇಳಿ ಒಂದು ವರ್ಷ ಕಾಯೋಕಾಗುತ್ತಾ? ಅವಳೇ ತೀರ್ಮಾನ ಮಾಡುತ್ತಿದ್ದಳು.

ಜಾನ್ ಅವಳಿಗೆ ಬರೆದ ಕಾಗದಗಳು ಉಳಿದಿವೆ, ಯಾಕೆಂದರೆ ಅವು ಬಂದು ಸೇರಿದ್ದು ಅವಳ ಮನೆಗೆ. ಅವಳು ಜೋಪಾನ ಮಾಡಿದಳು. ಅವಳು ಜಾನ್‌ಗೆ ಬರೆದವು ಬಹುತೇಕ ಇಲ್ಲ. ಹಾಗಾಗಿ ಫೋನಿನಲ್ಲಿ ಮಾತಾಡುವವರ ಪಕ್ಕ ಕೂತ ಹಾಗೆ, ಒಂದೇ ಕಡೆಯ ಮಾತು ಕೇಳುತ್ತದೆ. ಸಾವಿರ ಹೆಂಗಸರಲ್ಲಿ ಒಬ್ಬಳಿಗೂ ನಿನ್ನಷ್ಟು ಧೈರ್ಯ, ಹಟ ಇರಲಾರದು ಅಂತ ಅವನು ಬರೆಯುತ್ತಾನೆ. ಅಂದರೆ ಅವಳು ಏನೋ ಹೇಳಿದ್ದಾಳೆ. ಏನು ಅಂತ ನಮಗೆ ಗೊತ್ತಿಲ್ಲ.

ಇದು ನನಗೆ ಯಾಕೆ ಇಷ್ಟು ತಟ್ಟಿತು ಅಂದರೆ, ನಮ್ಮ ಮನೆಯಲ್ಲೂ ಇದೇ ಆಗಿದೆ. ಅಪ್ಪ ಮುಂಬೈಯಲ್ಲಿ ಕೆಲಸಕ್ಕಿದ್ದರು, ಅಮ್ಮ ತಿಪಟೂರಿನ ಹತ್ತಿರ ಹಳ್ಳಿಯಲ್ಲಿ ತೋಟ ನೋಡಿಕೊಂಡಿದ್ದರು. ಅಪ್ಪನ ಅಷ್ಟೂ ಇನ್‌ಲ್ಯಾಂಡ್ ಲೆಟರ್‌ಗಳು ಒಂದು ಬಿಸ್ಕತ್ ಡಬ್ಬಿಯಲ್ಲಿವೆ. ‘ಕೊಬ್ಬರಿ ಈಗಲೇ ಕೊಡಬೇಡ, ರೇಟು ಏರಲಿ.’ ‘ನೀನು ಹೇಳಿದ್ದೇ ಸರಿ, ಬಾವಿ ಕೆಲಸದವನಿಗೆ ಮುಂಗಡ ಕೊಟ್ಟದ್ದು ತಪ್ಪಾಯಿತು.’ ಅಮ್ಮ ಏನು ಹೇಳಿದ್ದರು ಅನ್ನುವುದನ್ನು ಅಪ್ಪನ ಉತ್ತರದಿಂದ ಹೆಕ್ಕಿ ತೆಗೆಯಬೇಕು. ಅಮ್ಮನ ಕಾಗದಗಳು ಅಪ್ಪ ರೂಮು ಬದಲಿಸುತ್ತಾ ಹೋದ ಹಾಗೆ ಎಲ್ಲೆಲ್ಲೋ ಹೋದವು.

ಎಲಿಜಬೆತ್ ಬಚ್ಚಿಟ್ಟ ಆತ್ಮಕಥೆ ಸಿಕ್ಕಿತಂತೆ, ನಿಜವಾ?

ಇಲ್ಲ. ಅದು 2020ರಲ್ಲಿ ಬಂದ ಒಂದು ಇಂಗ್ಲಿಷ್ ಕಾದಂಬರಿಯ ಕಲ್ಪನೆ. ಗುಟ್ಟಾಗಿಟ್ಟ ಕಾಗದ ಸಿಕ್ಕಿದ ಹಾಗೆ ಕಥೆ ಕಟ್ಟಿದ್ದಾರೆ, ಅಷ್ಟೇ. ಕಾದಂಬರಿಯಾಗಿ ಓದಿ, ತಪ್ಪೇನಿಲ್ಲ. ಆದರೆ ಅದರ ಸಾಲನ್ನು ಎಲಿಜಬೆತ್ ಬರೆದದ್ದು ಅಂತ ಮಕ್ಕಳ ಸ್ಕೂಲ್ ಪ್ರಾಜೆಕ್ಟಿಗೆ ಹಾಕಬೇಡಿ. ಒಬ್ಬರ ಮನೆಯಲ್ಲಿ ನೋಡಿದ್ದೇನೆ, ಅದಕ್ಕೆ ಹೇಳಿದೆ.

ಜಮೀನು ಮೊದಲು ಯಾರದ್ದು? ಅವರ ಮಾತು ಇದರಲ್ಲಿ ಇದೆಯಾ?

ಪ್ಯಾರಮಟ್ಟಾ ದಾರುಗ್ ಜನರ ಬರ್‍ರಮಟ್ಟಗಲ್ ಕುಲದವರ ನೆಲ. ಕ್ಯಾಮ್ಡನ್ ಕಡೆ ಧರಾವಲ್ ಮತ್ತು ಗುಂಡುಂಗುರ್‍ರಾ ಜನ. ಅವರ ಬಗ್ಗೆ ಕಾಗದಗಳಲ್ಲಿ ಬರುತ್ತದೆ, ಆದರೆ ಅವರೇ ಬರೆದದ್ದು ಇಲ್ಲ. ನೆಲದ ಹಕ್ಕುಪತ್ರದಲ್ಲಿ ಎಕರೆ ಎಷ್ಟು ಅಂತ ಇರುತ್ತದೆ, ಅಲ್ಲಿ ಯಾರು ಬದುಕುತ್ತಿದ್ದರು ಅಂತ ಇರುವುದಿಲ್ಲ. 1816ರ ಏಪ್ರಿಲ್‌ನಲ್ಲಿ ಕ್ಯಾಮ್ಡನ್‌ಗೆ ಹತ್ತಿರದ ಆಪಿನ್‌ನಲ್ಲಿ ಗವರ್ನರ್ ಮೆಕ್ವಾರಿ ಕಳಿಸಿದ ಸೈನಿಕರು ಮೂಲನಿವಾಸಿಗಳನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಕೊಂದರು. ಉಣ್ಣೆಯ ಲೆಕ್ಕ ಓದುವಾಗ ಇದನ್ನು ಪಕ್ಕಕ್ಕಿಟ್ಟು ಓದೋಕೆ ನನ್ನಿಂದ ಆಗಲ್ಲ. 1791ರ ಆ ತೊಗಟೆ ಸುತ್ತಿದ ಕೂಸು ನೆನಪಾಗುತ್ತದೆ.

ಮಕ್ಕಳು, ಮೊಮ್ಮಕ್ಕಳು ಏನಾದರು?

ಹಡಗಿನಲ್ಲಿ ಕೈಗೂಸಾಗಿ ಬಂದ ಎಡ್ವರ್ಡ್ ಬ್ರಿಟಿಷ್ ಸೈನ್ಯ ಸೇರಿ, ಸ್ಪೇನ್ ಕಡೆ ನೆಪೋಲಿಯನ್ ಸೈನ್ಯದ ವಿರುದ್ಧ ಹೋರಾಡಿ, ಮುಂದೆ 1856ರಲ್ಲಿ ವಿಕ್ಟೋರಿಯಾ ವಸಾಹತಿನ ಆಡಳಿತವನ್ನೇ ಕೆಲಕಾಲ ನೋಡಿಕೊಂಡ. ಜೇಮ್ಸ್ ಮತ್ತು ವಿಲಿಯಂ ಕ್ಯಾಮ್ಡನ್ನಿನಲ್ಲಿ ಜಮೀನು, ದ್ರಾಕ್ಷಿ ತೋಟ ನೋಡಿಕೊಂಡರು. ವಿಲಿಯಂನ ನರ್ಸರಿಯ ಗಿಡಗಳ ಪಟ್ಟಿಗಳು 1843ರಿಂದಲೇ ಅಚ್ಚಾಗಿವೆ, ಗಿಡದ ಹುಚ್ಚಿರುವವರು ನೋಡಲೇಬೇಕು. ಜಾನ್‌ನ ಅಣ್ಣನ ಮಗ ಹ್ಯಾನಿಬಲ್ 1805ರಲ್ಲಿ ಬಂದು, ಯಾವ ಗವರ್ನರ್ ಕಿಂಗ್ ಇವನ ಚಿಕ್ಕಪ್ಪನನ್ನು ವಿಚಾರಣೆಗೆ ಕಳಿಸಿದ್ದನೋ ಅವನ ಮಗಳನ್ನೇ ಮದುವೆಯಾದ. ಜೇಮ್ಸ್‌ನ ಮಗಳ ಕಡೆಯವರು ಮೆಕಾರ್ಥರ್ ಆನ್ಸ್‌ಲೋ ಅಂತ ಹೆಸರು ಇಟ್ಟುಕೊಂಡರು. ಅವರಲ್ಲೂ ಸೈನ್ಯದವರು ಜಾಸ್ತಿ. ಎರಡನೇ ಮಹಾಯುದ್ಧದ ಹೊತ್ತಿನ ಡೆನ್ಜಿಲ್ ಮೆಕಾರ್ಥರ್ ಆನ್ಸ್‌ಲೋ ಮೇಜರ್ ಜನರಲ್ ಆದ. ವಾಸ್ತುಶಿಲ್ಪಿ ಜಾನ್ ವರ್ಜ್ ಕಟ್ಟಿಸಿದ ಕ್ಯಾಮ್ಡನ್ ಪಾರ್ಕ್ ಮನೆಯಲ್ಲಿ ಇವತ್ತಿಗೂ ವಂಶದವರೇ ಇದ್ದಾರೆ.

ಅಚ್ಚಾದ ಪುಸ್ತಕ ಇದೆಯಂತಲ್ಲ, ಅದು ಸಾಲದಾ?

ಜಾನ್‌ನ ಮಗ ಜೇಮ್ಸ್‌ನ ಮೊಮ್ಮಗಳು ಸಿಬೆಲ್ಲಾ 1914ರಲ್ಲಿ ಆಯ್ದ ಕಾಗದಗಳನ್ನು ಪುಸ್ತಕ ಮಾಡಿದಳು. ಬಹಳ ಉಪಕಾರದ ಕೆಲಸ, ನಾನೂ ಅದರಿಂದಲೇ ಶುರು ಮಾಡಿದ್ದು. ಆದರೆ ಮನೆಯವರು ಆಯ್ದಾಗ ಮನೆಯವರಿಗೆ ತೋರಿಸಬೇಕು ಅನ್ನಿಸಿದ್ದು ಮುಂದೆ ಬರುತ್ತದೆ. ಸಾಧ್ಯವಾದರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ಹುಡುಕಿದರೆ ಏನೂ ಸಿಗುತ್ತಿಲ್ಲ. ಏನು ಮಾಡಲಿ?

ಹೆಸರಿನ ಕಾಗುಣಿತ ಬದಲಿಸಿ ನೋಡಿ. ಜಾನ್ ತನ್ನ ಸಹಿ ಮಾಡುತ್ತಿದ್ದದ್ದು Mc ಅನ್ನುವ ಗಿಡ್ಡ ರೂಪದಲ್ಲಿ, ಮುಂದಿನವರು Mac ಅಂತ ಪೂರ್ತಿ ಬಿಡಿಸಿ ಬರೆದರು. ಊರ ಹೆಸರೂ ಹಾಗೇ. ಪ್ಯಾರಮಟ್ಟಾ ಶುರುವಿನ ಕಾಗದಗಳಲ್ಲಿ ರೋಸ್ ಹಿಲ್, ಕ್ಯಾಮ್ಡನ್ ಕಡೆಯದು ಕೌಪಾಸ್ಚರ್ಸ್. ಜಾನ್, ಎಲಿಜಬೆತ್, ಜೇಮ್ಸ್ ಹೆಸರು ತಲೆಮಾರಿಗೊಮ್ಮೆ ತಿರುಗಿ ಬರುತ್ತವೆ, ಹಾಗಾಗಿ ಇಸವಿ ನೋಡದೆ ಯಾವ ಎಲಿಜಬೆತ್ ಅಂತ ತೀರ್ಮಾನ ಮಾಡಬೇಡಿ.

ಎಲಿಜಬೆತ್ ಫಾರ್ಮ್‌ನಲ್ಲಿ ನೋಡೋಕೆ ಏನಿದೆ?

1793ರಲ್ಲಿ ಕಟ್ಟಿದ ಮನೆ, ಇಡೀ ಆಸ್ಟ್ರೇಲಿಯಾದಲ್ಲಿ ಉಳಿದಿರುವ ಯುರೋಪಿಯನ್ನರ ವಾಸದ ಮನೆಗಳಲ್ಲಿ ಅತಿ ಹಳೆಯದು. ಜಾನ್ ತನ್ನ ಅಣ್ಣನಿಗೆ ಬರೆದ ಕಾಗದದಲ್ಲಿ ಮನೆ 68 ಅಡಿ ಉದ್ದ, 18 ಅಡಿ ಅಗಲ ಅಂತಾನೆ. ಆಮೇಲೆ ಬೆಳೆದಿದೆ. ಒಳಗಿನ ಸಾಮಾನು ನಕಲು, ಅದಕ್ಕೇ ಕುರ್ಚಿಯ ಮೇಲೆ ಕೂರಬಹುದು, ಬಾಗಿಲು ತೆಗೆದು ನೋಡಬಹುದು, ಮಕ್ಕಳನ್ನು ಹಿಡಿದುಕೊಂಡೇ ಓಡಾಡಬೇಕಿಲ್ಲ. ಉದ್ದನೆ ಜಗಲಿ ಇದೆ. ಕಾಗದ ಓದಿ ಹೋಗಿ ಆ ಜಗಲಿಯಲ್ಲಿ ಹತ್ತು ನಿಮಿಷ ಸುಮ್ನೆ ಕೂತು ಬನ್ನಿ.

ನಮ್ಮ ಮನೆಯ ಹಳೇ ಕಾಗದಗಳನ್ನು ಹೇಗೆ ಇಡಬೇಕು?

ಲ್ಯಾಮಿನೇಷನ್ ಮಾಡಿಸಬೇಡಿ. ಅಪ್ಪನ ಒಂದು ಕಾಗದವನ್ನು ಅಂಗಡಿಯಲ್ಲಿ ಮಾಡಿಸಲು ಕೊಟ್ಟು, ಬಿಸಿಗೆ ಅರ್ಧ ಅಕ್ಷರ ಮಸುಕಾಗಿ ವಾಪಸ್ ಬಂತು, ಇನ್ನು ಬಿಡಿಸೋಕೂ ಆಗಲ್ಲ. ಸೆಲೋಟೇಪ್ ಬೇಡ, ಸ್ಟೇಪ್ಲರ್ ಪಿನ್ ಬೇಡ, ರಬ್ಬರ್ ಬ್ಯಾಂಡ್ ಬೇಡ. ಮಡಿಕೆ ನಿಧಾನಕ್ಕೆ ಬಿಡಿಸಿ, ಆಮ್ಲ ಇಲ್ಲದ ಕಾಗದದ ಕವರಿನಲ್ಲಿ ಇಟ್ಟು, ಬಿಸಿಲು ತೇವ ಇಲ್ಲದ ಜಾಗದಲ್ಲಿಡಿ. ಅಟ್ಟ ಬೇಡ, ಬಚ್ಚಲ ಪಕ್ಕದ ಬೀರು ಬೇಡ. ಎರಡೂ ಕಡೆ ಫೋಟೋ ತೆಗೆಯಿರಿ, ವಿಳಾಸ ಇರುವ ಭಾಗ ಬಿಡಬೇಡಿ. ಯಾರು ಯಾರಿಗೆ ಬರೆದದ್ದು ಅಂತ ಗೊತ್ತಿರುವವರು ಇದ್ದಾಗಲೇ ಕೇಳಿ ಬರೆದಿಡಿ. ಮತ್ತೆ, ಇನ್ನೊಂದು ಕಡೆಯ ಕಾಗದ ಯಾರ ಮನೆಯಲ್ಲಿದೆ ಅಂತ ವಿಚಾರಿಸಿ. ಅದು ನೆಂಟರ ಟ್ರಂಕಿನಲ್ಲಿ ಇರಬಹುದು.

ನಿಮ್ಮ ಅಮ್ಮನ ಕಾಗದ ಸಿಕ್ಕಿತಾ?

ಒಂದು ಸಿಕ್ಕಿತು. ಅಪ್ಪನ ಆಫೀಸಿನ ಕಾಗದಗಳ ಫೈಲಿನಲ್ಲಿ, ಪಿಎಫ್ ಚೀಟಿಯ ಜೊತೆ ಮಡಿಸಿಟ್ಟಿತ್ತು. ಮುಕ್ಕಾಲು ಭಾಗ ಕೊಬ್ಬರಿ ಲೆಕ್ಕ. ಕೊನೆಯಲ್ಲಿ ‘ಮಗುವಿಗೆ ಹಲ್ಲು ಬಂತು, ಎರಡು’ ಅಂತಿದೆ. ತಾರೀಖು ಬರೆದಿಲ್ಲ, ಅಂಚೆ ಮುದ್ರೆಯೂ ಅಳಿಸಿಹೋಗಿದೆ. ಊರಿಗೆ ಹೋದಾಗ ಅಮ್ಮನ ಕೈಗೇ ಕೊಟ್ಟು, ಇದು ಯಾರ ಹಲ್ಲು ಅಂತ ಕೇಳಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ‘ನಿಮ್ಮಣ್ಣಂದು, ಆ ವರ್ಷ ಮಳೆ ಜಾಸ್ತಿ’ ಅಂದರು. ಕಾಗದದ ಹಿಂದೆ ಪೆನ್ಸಿಲ್‌ನಲ್ಲಿ ಇಸವಿ ಬರೆದೆ.